ನೀಲಿ ಕೈಯವಳ ಅರವಟ್ಟಿಗೆ

ಆ ಊರಿಗೆ ದಾರಿ ಯಾವುದೆಂದು ನನ್ನನ್ನು ಕೇಳಬೇಡಿ. ಹೋಗಿ ಬಂದವರು ಯಾರೂ ದಾರಿಯನ್ನು ನೆನಪಿಟ್ಟುಕೊಂಡು ಬಂದಿಲ್ಲ. ಒಂದು ಕಡೆ ಬಣ್ಣದವರ ಬೀದಿ, ಇನ್ನೊಂದು ಕಡೆ ನಾಡಿಮನೆಗಳ ಬೀದಿ, ನಡುವೆ ಹಿರಿಯರು ಕೂತು ತೀರ್ಪು ಹೇಳುವ ಒಂದು ಕಲ್ಲಿನ ಕಟ್ಟೆ, ಊರೆಂದರೆ ಇಷ್ಟು. ಬಣ್ಣದವರ ಬೀದಿಯಲ್ಲಿ ಹಗಲೆಲ್ಲ ಬಣ್ಣದಲ್ಲಿ ಅದ್ದಿದ ಬಟ್ಟೆ ಬಡಿಯುವ ಸದ್ದು, ಜಗಳದ ಸದ್ದು, ಜಗಳ ಮುಗಿದ ಮೇಲಿನ ನಗುವಿನ ಸದ್ದು. ನಾಡಿಮನೆಗಳ ಬೀದಿಯಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳಿಸುತ್ತದೆ. ಯಾಕೆಂದರೆ ಆ ಊರಿಗೊಂದು ಕಟ್ಟಳೆ ಇದೆ. ನಾಡಿಮನೆಯ ಹೊಸಿಲು ದಾಟಿದ ಮೇಲೆ ರೋಗಿ ಬಾಯಿ ಬಿಡಬಾರದು, ಮದ್ದು ಕೊಡುವವರು ಏನೂ ಕೇಳಬಾರದು. ಅವರು ಕೈ ಚಾಚಬೇಕು, ಇವರು ಕೈ ಹಿಡಿಯಬೇಕು, ಅಷ್ಟೇ.

ಬಾಯಿ ಸುಳ್ಳು ಹೇಳುತ್ತದೆ, ನಾಡಿ ಹೇಳುವುದಿಲ್ಲ ಎಂದು ಹಳೆಯ ಕಾಲದ ಹಿರಿಯನೊಬ್ಬ ಅಂದಿದ್ದನಂತೆ. ಅವನಿಗೆ ಯಾವ ರೋಗಿ ಯಾವ ಸುಳ್ಳು ಹೇಳಿದ್ದನೋ ಯಾರಿಗೂ ಗೊತ್ತಿಲ್ಲ. ಒಬ್ಬನ ಸುಳ್ಳಿಗೆ ಊರಿಗೆ ಊರೇ ಬಾಯಿ ಮುಚ್ಚಿಕೊಂಡಿತು.

ನಾಡಿ ಹಿಡಿಯುವವರ ಕೈಗೆ ಕಲೆ ಇರಬಾರದು. ಅವರು ಅರಿಶಿನ ಅರೆಯುವುದಿಲ್ಲ, ಗೋರಂಟಿ ಹಚ್ಚಿಕೊಳ್ಳುವುದಿಲ್ಲ, ಬಾಳೆಕಾಯಿ ಹೆಚ್ಚುವುದಿಲ್ಲ. ಅದು ಕಟ್ಟೆ ಕೊಟ್ಟ ಕೈ. ಆ ಕೈಯಿಂದ ಒಂದು ಜೀವ ಹೋದರೆ ಕೊಟ್ಟ ಕಟ್ಟೆಯೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹಾಗೆ ತೆಗೆದುಕೊಂಡ ದಿನ ಎರಡೂ ಕೈಗಳನ್ನು ಮಣಿಕಟ್ಟಿನ ತನಕ ನೀಲಿಯ ಬಾನಿಯಲ್ಲಿ ಅದ್ದಿಸುತ್ತಾರೆ. ಬಾನಿಯಿಂದ ಎತ್ತಿದಾಗ ಕೈ ಹಸಿರು. ಗಾಳಿ ಸೋಕುತ್ತ ಸೋಕುತ್ತ ನೀಲಿ. ಹಸಿರು ನೀಲಿಯಾಗುವ ತನಕ ಕಟ್ಟೆಯ ಮುಂದೆ ನೆರೆದವರು ಯಾರೂ ಕೆಮ್ಮುವುದೂ ಇಲ್ಲ. ಆಮೇಲೆ ಆ ಕೈಗೆ ಯಾರೂ ಮಣಿಕಟ್ಟು ಕೊಡುವುದಿಲ್ಲ.

ಆದರೆ ವರ್ಷಕ್ಕೊಮ್ಮೆ, ಗಾಳಿ ದಿಕ್ಕು ಬದಲಿಸುವ ದಿನ, ಕೈ ಕಳೆದುಕೊಂಡವರು ಬಂದು ಕಟ್ಟೆಯ ಮುಂದೆ ತಮ್ಮ ಕೈ ಕೇಳಬಹುದು. ಯಾರ ಮನೆಯ ಜೀವ ಹೋಗಿತ್ತೋ ಆ ಮನೆಯವರು ಒಂದು ಪ್ರಶ್ನೆ ಕೊಟ್ಟಿರುತ್ತಾರೆ. ಕಟ್ಟೆಯ ಹಿರಿಯ ಅದನ್ನು ಕೇಳುತ್ತಾನೆ. ಉತ್ತರ ಸರಿ ಎಂದು ಆ ಮನೆಯವರು ತಲೆಯಾಡಿಸಿದರೆ ಕೈ ತೊಳೆಸುತ್ತಾರೆ. ಇಲ್ಲವಾದರೆ ಮತ್ತೆ ಬಾನಿ.

ನಾಡಿಯಮ್ಮ ಎಂದು ಊರು ಕರೆಯುತ್ತಿದ್ದ ಹೆಂಗಸಿನ ಕೈ ಹೋದದ್ದು ಹೀಗೆ.

ಅವಳ ಕೈಗುಣ ದೊಡ್ಡದು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳೆಂದರೆ ರೋಗಿ ನಿನ್ನೆ ಉಂಡದ್ದು, ಮೊನ್ನೆ ಅತ್ತದ್ದು ಎಲ್ಲ ತಿಳಿಯುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದನ್ನು ಅವಳೂ ನಂಬಿದ್ದಳು. ಒಂದು ದಿನ ಬಣ್ಣದವನ ಹೆಂಡತಿ ಜ್ವರವೆಂದು ಬಂದಳು. ಗಂಡ ಹೊಸಿಲಾಚೆ ನಿಂತ. ನಾಡಿಯಮ್ಮ ಅವಳ ಕೈ ಹಿಡಿದು, ಕಣ್ಣು ಮುಚ್ಚಿ, ಕಣ್ಣು ತೆರೆದು, ಒಲೆಯ ಮೇಲಿನ ಗಡಿಗೆಗೆ ಜ್ವರಬೇರು ಹಾಕಿದಳು. ಬೇರು ಕುದಿದು ಸೀದ ಮೆಂತ್ಯದಂಥ ವಾಸನೆ ಎದ್ದಾಗ ಆ ಹೆಂಗಸು ಬಾಯಿ ತೆರೆದಳು. ಏನೋ ಹೇಳಲು ಹೊರಟಳು. ನಾಡಿಯಮ್ಮ ತನ್ನ ಬಿಳಿ ಬೆರಳನ್ನು ಅವಳ ತುಟಿಗಳ ಮೇಲಿಟ್ಟಳು. ಗದರಿಸಲಿಲ್ಲ, ಸಿಡುಕಲಿಲ್ಲ, ನಗುತ್ತಲೇ ಇಟ್ಟಳು. ಹೆಂಗಸು ಬಾಯಿ ಮುಚ್ಚಿದಳು. ಆಮೇಲೆ ಅದೇ ಬಾಯಿ ತೆರೆದು ಕಷಾಯ ಕುಡಿದಳು. ಮನೆ ಸೇರುವುದರೊಳಗೆ ಅವಳ ಉಸಿರು ನಿಂತಿತ್ತು.

ಬಣ್ಣದವನು ಕಟ್ಟೆಗೆ ಒಂದು ಪ್ರಶ್ನೆ ಕೊಟ್ಟ. "ಅವಳು ಏನು ಹೇಳ್ಬೇಕು ಅಂತಿದ್ಲು?"

ಅದ್ದುವ ಕೆಲಸವೂ ಅವನದೇ, ಊರಿನ ನೀಲಿಯ ಬಾನಿ ಅವನ ಅಂಗಳದ್ದೇ ಆದ್ದರಿಂದ. ಹೆಂಡತಿಯನ್ನು ಮಣ್ಣು ಮಾಡಿದ ಕೈಯಲ್ಲೇ ಅವನು ನಾಡಿಯಮ್ಮನ ಕೈಗಳನ್ನು ಹಿಡಿದು ಅದ್ದಿದ. ಎತ್ತಿದಾಗ ಕೈ ಹಸಿರು. ಗಾಳಿ ಸೋಕುತ್ತ ಸೋಕುತ್ತ ನೀಲಿ.

ಮೊದಲ ವರ್ಷ ಅವಳು ಕಟ್ಟೆಗೆ ವಾದಿಸಲೆಂದೇ ಹೋದಳು. ಆ ನಾಡಿಗೆ ಆ ಬೇರೇ ಸರಿ, ಬೇರೆ ಯಾರ ಕೈಯಾದರೂ ಅದನ್ನೇ ಕೊಡುತ್ತಿತ್ತು, ಬೇಕಾದರೆ ಈ ಬೀದಿಯವರನ್ನೆಲ್ಲ ವಿಚಾರಿಸಿ ಎಂದಳು. ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಟ್ಟೆಯ ಹಿರಿಯ ಎಲ್ಲವನ್ನೂ ಕೇಳಿಸಿಕೊಂಡು, "ಅದು ಸರಿ ತಾಯಿ. ಅವಳು ಏನು ಹೇಳ್ಬೇಕು ಅಂತಿದ್ಲು?" ಎಂದ. ಮತ್ತೆ ಬಾನಿ.

ಮುಂದಿನ ವರ್ಷ ಉತ್ತರ ಕಟ್ಟಿಕೊಂಡು ಹೋದಳು. "ಬಸುರಿ ಅಂತ ಹೇಳ್ಬೇಕು ಅಂತಿದ್ಲು," ಎಂದಳು. ಬಣ್ಣದವನು ತಲೆ ಅಡ್ಡಡ್ಡ ಆಡಿಸಿದ. ಅದರ ಮುಂದಿನ ವರ್ಷ, ಹೊಟ್ಟೆಯೊಳಗೆ ಹಳೆಯ ಹುಣ್ಣಿತ್ತು, ಅದನ್ನು ಹೇಳಹೊರಟಿದ್ದಳು ಎಂದಳು. ಮತ್ತೊಂದು ವರ್ಷ, ಬದುಕುವ ಆಸೆಯಿಲ್ಲ ಎಂದು ಹೇಳಹೊರಟಿದ್ದಳು ಎಂದಳು. ಒಂದು ವರ್ಷವಂತೂ ರೋಸಿಹೋಗಿ, "ಗಂಡ ಹೊಡೀತಾನೆ ಅಂತ ಹೇಳ್ಬೇಕು ಅಂತಿದ್ಲು," ಎಂದುಬಿಟ್ಟಳು. ಕಟ್ಟೆಯ ಮುಂದೆ ಗುಜುಗುಜು ಎದ್ದಿತು. ಬಣ್ಣದವನು ಕೋಲು ತೆಗೆದುಕೊಂಡು ಬಾನಿಯನ್ನು ಕಲಕಿದ. ಆ ಮಾತಿಗೆ ಅವಳು ಬದುಕಿರುವ ತನಕ ನಾಚಿಕೊಂಡಳು.

ಹೀಗೆ ವರ್ಷ ವರ್ಷ. ಕೈ ಹಸಿರು, ಕೈ ನೀಲಿ. ಅವಳ ಊಹೆಗಳೆಲ್ಲ ದೊಡ್ಡ ದೊಡ್ಡವು. ಅವಳು ಓದಿದ, ಕಲಿತ, ಅವಳಿಗೊಬ್ಬಳಿಗೇ ಹೊಳೆಯಬಹುದಾದ ಊಹೆಗಳು. ಉತ್ತರ ಗೊತ್ತಿದ್ದವನು ಎದುರಿಗೇ ನಿಂತಿರುತ್ತಿದ್ದ, ಅವಳ ಕೈ ಹಿಡಿದುಕೊಂಡೇ ನಿಂತಿರುತ್ತಿದ್ದ. ಅವನನ್ನು ಕೇಳಬಾರದು ಎಂದು ಯಾವ ಕಟ್ಟಳೆಯೂ ಇರಲಿಲ್ಲ. ಅವಳಿಗೆ ಕೇಳುವುದೇ ಗೊತ್ತಿರಲಿಲ್ಲ.

ನೀಲಿ ಕೈಯವಳಿಗೆ ಊರಲ್ಲಿ ಮಾಡಲು ಕೆಲಸವೂ ಇರಲಿಲ್ಲ. ನಾಡಿಮನೆಗಳ ಬೀದಿ ಶುರುವಾಗುವ ಮೂಲೆಯಲ್ಲಿ, ಹೊಂಗೆಯ ಮರದ ಕೆಳಗೆ, ಪಾಳು ಬಿದ್ದ ಅರವಟ್ಟಿಗೆಯೊಂದಿತ್ತು. ಅವಳು ಅದನ್ನು ಗುಡಿಸಿ, ಹರವಿಯಲ್ಲಿ ನೀರು ತುಂಬಿ ಕೂತಳು. ಆ ಜಾಗದಿಂದ ತನ್ನ ಹಳೆಯ ಬಾಗಿಲು ಕಾಣುತ್ತಿತ್ತು. ಈಗ ಅಲ್ಲಿ ಬೇರೊಬ್ಬ ನಾಡಿಗಾರ ಇದ್ದ. ಯಾರಾದರೂ ಆ ಹೊಸಿಲು ದಾಟುವಾಗ ಅವಳ ಬೆರಳುಗಳು ತಾವಾಗಿಯೇ ಮಡಿಲಲ್ಲಿ ಒಂದು ಮಣಿಕಟ್ಟನ್ನು ಹುಡುಕುತ್ತಿದ್ದವು. ಆ ಬೆರಳುಗಳನ್ನು ನೋಡಿದರೆ ಅವಳಿಗೇ ಅಳು ಬರುತ್ತಿತ್ತು.

ಪರಸ್ಥಳದವರಿಗೆ ಅವಳ ಕಥೆ ಗೊತ್ತಿರಲಿಲ್ಲ. ನೀರು ಕುಡಿಯಲು ಬಂದವರು ಅವಳ ಕೈ ನೋಡಿ ಬಣ್ಣದವರ ಮನೆಯ ಹೆಂಗಸೆಂದು ತಿಳಿಯುತ್ತಿದ್ದರು. "ಯಜಮಾನರದು ನೀಲಿ ಕೆಲ್ಸವಾ ಅಮ್ಮ?" ಎಂದು ಕೇಳುತ್ತಿದ್ದರು. ಮೊದಮೊದಲು ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಹೂಂ ಅನ್ನುತ್ತಿದ್ದಳು. ಹೂಂ ಅಂದ ಪ್ರತಿ ಸಲವೂ ಸತ್ತವಳ ಜಾಗದಲ್ಲಿ ಕೂತಂತಾಗುತ್ತಿತ್ತು.

ಬಣ್ಣದವರ ಹೆಂಗಸೆಂದರೆ ಮಾತಾಡಿಸಬಹುದಾದ ಹೆಂಗಸು. ಬಂದವರು ಕೂತು ಬಾಯಿ ಬಿಡುತ್ತಿದ್ದರು. ಸೊಂಟದ ನೋವು ಯಾವ ಹೊತ್ತಿಗೆ ಏಳುತ್ತದೆ, ಮಗು ಯಾವ ಮಗ್ಗುಲಿಗೆ ಮಲಗಿದರೆ ಅಳುತ್ತದೆ, ಮುದುಕ ಮಾವ ಯಾವ ಸೊಪ್ಪಿನ ಸಾರು ಉಂಡರೆ ಕಕ್ಕುತ್ತಾನೆ. ಅವಳು ಕೇಳದೆಯೇ ಹೇಳುತ್ತಿದ್ದರು. ಕೇಳಬಾರದೆಂದು ಅವಳು ಎದ್ದು ಹೋಗುವಂತಿರಲಿಲ್ಲ, ಲೋಟ ಅವರ ಕೈಯಲ್ಲಿರುತ್ತಿತ್ತಲ್ಲ. ಹೀಗೆ ಕೇಳುತ್ತ ಕೇಳುತ್ತ ಅವಳಿಗೆ ಒಂದು ಭಯ ಹುಟ್ಟಿತು. ಕೈ ಹಿಡಿದು ತಾನು ಎಂದೂ ತಿಳಿಯದಿದ್ದ ಸಂಗತಿಗಳನ್ನು ಜನ ನೀರಿನ ಜೊತೆ ಕುಡಿದಷ್ಟು ಸಲೀಸಾಗಿ ಹೇಳಿ ಹೋಗುತ್ತಿದ್ದರು. ತನ್ನ ನಾಡಿಮನೆಯಲ್ಲಿ ಎಷ್ಟು ಜನರ ತುಟಿಯ ಮೇಲೆ ಬೆರಳಿಟ್ಟಿದ್ದೆ ಎಂದು ನೆನೆಯಲು ಹೋದಳು. ನೆನಪಾಗಲಿಲ್ಲ. ಅಷ್ಟೊಂದು ಜನ.

ಒಂದು ಮಧ್ಯಾಹ್ನ ಗಂಟು ಹೊತ್ತ ಮುದುಕಿಯೊಬ್ಬಳು ನೀರು ಕುಡಿದು ಮಾತಿಗೆ ಕೂತಳು. ತನ್ನ ಮಂಡಿಯ ಕಥೆಯನ್ನೆಲ್ಲ ಹೇಳಿ ಮುಗಿಸಿ, ಏಳುವಾಗ ಕೇಳಿದಳು: "ನಾನೇ ವದರ್ತಾ ಇದ್ದೀನಿ. ನಿನ್ ಗಂಡ ಹೆಂಗವ್ನೆ ತಾಯಿ? ಚೆನ್ನಾಗವ್ನಾ?"

ನಾಡಿಯಮ್ಮ ಹೂಂ ಅನ್ನಲು ಬಾಯಿ ತೆರೆದಳು. ಬಣ್ಣದವನು ಹೇಗಿದ್ದಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಅವಳ ಕೈಗಳನ್ನು ಹಿಡಿದಿದ್ದ, ಅವಳು ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಮುದುಕಿ ಹೋದ ಮೇಲೆ ಅವಳು ಹರವಿಯ ಮೇಲೆ ಮುಚ್ಚಳ ಹಾಕಿ, ಕಟ್ಟೆಯನ್ನು ದಾಟಿ, ಬಣ್ಣದವರ ಬೀದಿಗೆ ಹೋದಳು.

ಅವನು ಅಂಗಳದಲ್ಲಿ ಹಸಿ ಬಟ್ಟೆ ಹರವುತ್ತಿದ್ದ. ಅವಳನ್ನು ಕಂಡು ಬಟ್ಟೆ ಕೈಯಲ್ಲೇ ಉಳಿಯಿತು. ತಲೆಯೆಲ್ಲ ನರೆತಿತ್ತು, ಒಂದು ಭುಜ ಇಳಿದಿತ್ತು. ಅವನ ಕೈಗಳೂ ನೀಲಿ.

"ಅಣ್ಣಾ, ನೀವು ಹೇಗಿದ್ದೀರಿ?" ಎಂದಳು ಅವಳು.

ಅವನು ಕೈಯಲ್ಲಿದ್ದ ಬಟ್ಟೆಯನ್ನು ಹರವಿ ಮುಗಿಸಿದ. ಆಮೇಲೆ ಬಾನಿಯ ಪಕ್ಕದ ಕಲ್ಲನ್ನು ಪಂಚೆಯ ತುದಿಯಿಂದ ಒರೆಸಿ, "ಕೂತ್ಕೊಳ್ಳಿ," ಎಂದ.

ಅವಳು ಕೂತಳು. "ಅವಳು ಏನು ಹೇಳ್ಬೇಕು ಅಂತಿದ್ಲು? ನನಗೆ ಗೊತ್ತಿಲ್ಲ ಅಣ್ಣಾ. ನೀವೇ ಹೇಳ್ಬೇಕು."

"ಅವಳು ವಾಚಾಳಿ ಕಣಮ್ಮ," ಎಂದ ಅವನು, ಕೇಳಿದ್ದಕ್ಕೆ ಉತ್ತರ ಕೊಡದೆ. "ಬೆಳಗ್ಗೆ ಎದ್ರೆ ಬಾನಿ ಜೊತೆಗೂ ಮಾತಾಡೋಳು. ಇವತ್ತು ಚೆನ್ನಾಗಿ ಹುಳಿ ಬಂದಿದ್ದೀಯಾ, ನಿನ್ನೆ ಯಾಕೆ ಮುನಿಸ್ಕೊಂಡಿದ್ದೆ ಅನ್ನೋಳು. ನಮ್ಮವ್ವ ಎಷ್ಟೋ ಸಲ ಬೈದಳು, ಕೇಳಲಿಲ್ಲ. ಅವಳ ಬಾಯಿ ಮುಚ್ಚಿಸಿದೋರು ಅಂದ್ರೆ ನೀವೊಬ್ರೇ."

ಅವಳು ತಲೆ ತಗ್ಗಿಸಿ ಕೇಳಿದಳು. ಅವನು ಹೆಂಡತಿಯ ನಗು, ಹಟ, ಅವಳು ಹಾಡಲು ಬಾರದೆ ಹಾಡುತ್ತಿದ್ದದ್ದು, ಸಾರಿಗೆ ಹುಳಿ ಹೆಚ್ಚು ಹಾಕುತ್ತಿದ್ದದ್ದು ಎಲ್ಲ ಹೇಳಿದ. ಹರವಿದ ಬಟ್ಟೆಗಳು ಒಣಗಿ ಗಾಳಿಗೆ ಪಟಪಟ ಅನ್ನತೊಡಗಿದವು. ಕೊನೆಗೆ ಅವನು ತಾನಾಗಿಯೇ ಆ ಮಾತಿಗೆ ಬಂದ.

"ಚಿಕ್ಕೋಳಿದ್ದಾಗ ಅವರವ್ವ ಆ ಬೇರು ತೇದು ಕುಡಿಸಿದ್ಲಂತೆ. ಗಂಟಲು ಬಾತು ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚಂತೆ. ನನಗೆ ಎಷ್ಟೋ ಸಲ ಹೇಳಿದ್ಲು. ನಿಮ್ಮನೆಗೆ ಬರೋವಾಗ ದಾರೀಲೂ ಹೇಳಿದ್ಲು. ಅದನ್ನೇ ಹೇಳೋಕೆ ಹೋದ್ಲು. 'ಆ ಬೇರು ನನಗೆ ಆಗಿಬರಲ್ಲ.'"

"ಇಷ್ಟೇನಾ?"

"ಇಷ್ಟೇ."

ನಾಡಿಯಮ್ಮ ನೀಲಿ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ಅವಳು ಎಷ್ಟೋ ವರ್ಷ ರೋಗಗಳನ್ನೆಲ್ಲ ಜಾಲಾಡಿದ್ದಳು, ಪಾಪಗಳನ್ನೆಲ್ಲ ಜಾಲಾಡಿದ್ದಳು. ಮನೆಮನೆಯಲ್ಲಿ ಹೆಂಗಸರು ಬದನೆಕಾಯಿಯ ಬಗ್ಗೆ ಹೇಳುವಂಥ ಒಂದು ಮಾತು. ಬೆರಳು ಎತ್ತದೇ ಇದ್ದಿದ್ದರೆ ಒಂದು ಉಸಿರಿನಲ್ಲಿ ಮುಗಿಯುತ್ತಿದ್ದ ಮಾತು.

"ಯಾಕೆ ಇಂಥ ಪ್ರಶ್ನೆ ಕೊಟ್ರಿ ಅಣ್ಣಾ?"

"ನೀವು ಬಂದು ಕೇಳ್ತೀರಿ ಅಂತ. ಮಾರನೇ ದಿನವೇ ಬರ್ತೀರಿ ಅಂದ್ಕೊಂಡಿದ್ದೆ."

ಅವಳು ಮುಖದಿಂದ ಕೈ ತೆಗೆದಳು. ಅವನೇ ಮತ್ತೆ ಶುರು ಮಾಡಿದ. "ನಾನೂ ಹೊಸಿಲಾಚೆ ನಿಂತಿದ್ದೆ. ಬೇರು ಕುದಿಯೋ ವಾಸನೆ ನನಗೂ ಬಂತು. ಒಳಗೆ ನುಗ್ಗಿ ಹೇಳಿಬಿಡೋಣ ಅಂತ ಕಾಲು ಎತ್ತಿದೆ. ನಾಡಿಮನೇಲಿ ಮಾತಾಡಬಾರ್ದಲ್ಲ ಅಂತ ಕಾಲು ಇಳಿಸಿದೆ. ಕಟ್ಟೆ ನಿಮ್ಮ ಕೈಗೆ ಮಾತ್ರ ಬಣ್ಣ ಹಾಕಿಸ್ತು. ನನ್ನ ಕೈ ಮೊದಲೇ ನೀಲಿ ಇತ್ತಲ್ಲ, ಯಾರಿಗೂ ಗೊತ್ತಾಗಲಿಲ್ಲ."

ಇಬ್ಬರೂ ಬಾನಿಯ ಪಕ್ಕದಲ್ಲಿ ಕೂತರು. ನಾಲ್ಕು ನೀಲಿ ಕೈಗಳು. ದೂರದಿಂದ ನೋಡಿದವರು ಗಂಡ ಹೆಂಡತಿ ಕೆಲಸ ಮುಗಿಸಿ ಕೂತಿದ್ದಾರೆ ಎಂದುಕೊಂಡಿರಬೇಕು.

ಗಾಳಿ ದಿಕ್ಕು ಬದಲಿಸಿತು. ಊರು ಕಟ್ಟೆಯ ಮುಂದೆ ನೆರೆಯಿತು. ಕಟ್ಟೆಯ ಒಂದು ಬದಿಗೆ ನೀಲಿಯ ಬಾನಿ, ಇನ್ನೊಂದು ಬದಿಗೆ ಕೈ ತೊಳೆಸುವ ಬಿಂದಿಗೆ. ಅದರಲ್ಲಿ ಸೀಗೆ, ಹುಣಸೆ, ಜೊತೆಗೆ ಬಣ್ಣದವರಿಗೆ ಮಾತ್ರ ಗೊತ್ತಿರುವ ಸೊಪ್ಪಿನ ರಸ. ಎಷ್ಟೋ ವರ್ಷದಿಂದ ಆ ಬಿಂದಿಗೆಯನ್ನು ತುಂಬಿ ತರುತ್ತಿದ್ದರು, ತುಂಬಿದ ಹಾಗೆಯೇ ಹೊತ್ತುಕೊಂಡು ಹೋಗುತ್ತಿದ್ದರು.

"ಅವಳು ಏನು ಹೇಳ್ಬೇಕು ಅಂತಿದ್ಲು?" ಎಂದ ಹಿರಿಯ.

"ಆ ಬೇರು ನನಗೆ ಆಗಿಬರಲ್ಲ," ಎಂದಳು ನಾಡಿಯಮ್ಮ. "ಇದನ್ನು ನಾನು ಊಹೆ ಮಾಡಿದ್ದಲ್ಲ. ಹೋಗಿ ಕೇಳಿ ತಿಳಿದದ್ದು. ಅವತ್ತೇ ಕೇಳಬೇಕಾಗಿತ್ತು."

ಬಣ್ಣದವನು ತಲೆಯಾಡಿಸಿದ. ನೆರೆದವರಿಂದ ಒಂದು ನಿಟ್ಟುಸಿರು ಹೊರಟಿತು. ಅವನೇ ಬಿಂದಿಗೆ ಎತ್ತಿ ಅವಳ ಕೈಗಳ ಮೇಲೆ ಸುರಿದು, ಒಂದೊಂದೇ ಬೆರಳು ಹಿಡಿದು ತಿಕ್ಕಿದ. ನೀಲಿ ಕರಗಿ ಕಲ್ಲಿನ ಸಂದಿಗಳಲ್ಲಿ ಹರಿಯಿತು. ಅವಳ ಕೈ ಬೆಳ್ಳಗೆ ಮೇಲೆ ಬಂತು, ಮುದಿಯಾಗಿ, ನೆರಿಗೆ ಬಿದ್ದು, ಆದರೂ ಅವಳದೇ ಕೈ. ಅದನ್ನು ನೋಡಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಆಸೆಯಿತ್ತು ಅವಳಿಗೆ.

"ಇನ್ನು ಪ್ರಮಾಣ ಹೇಳಿಬಿಡು ತಾಯಿ," ಎಂದ ಹಿರಿಯ.

ಕೈ ಪಡೆಯುವವರೆಲ್ಲ ಹೇಳುವ ಪ್ರಮಾಣ ಅದು. ಹರೆಯದಲ್ಲಿ ಮೊದಲ ಸಲ ಕೈ ಪಡೆದಾಗ ಅವಳೂ ಗಟ್ಟಿ ದನಿಯಲ್ಲಿ ಹೇಳಿದ್ದಳು: ಕೈಯೊಂದೇ ಕೇಳಲಿ, ನನ್ನ ಬಾಯಿ ಮುಚ್ಚಿರಲಿ, ಬಂದವರ ಬಾಯಿ ಮುಚ್ಚಿರಲಿ.

"ಕೈಯೊಂದೇ..." ಎಂದು ಶುರು ಮಾಡಿ ನಿಲ್ಲಿಸಿದಳು. "ಕೈ ಹಿಡೀತೀನಿ ಅಂತ ಹೇಳ್ತೀನಿ. ಬಂದವರ ಬಾಯಿ ಮುಚ್ಚಿರಲಿ ಅನ್ನೋದನ್ನ ಬಿಟ್ಟುಬಿಡಿ."

"ಪ್ರಮಾಣ ಬೇಕಾದ್ದು ಬೇಡಾದ್ದು ಆರಿಸ್ಕೊಳ್ಳೋದಲ್ಲ," ಎಂದ ಹಿರಿಯ. ಅವನು ಕೆಟ್ಟವನೇನಲ್ಲ. ಕೆಳಗೆ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಇಲ್ಲಿ ಹೇಳಿಬಿಡು. ಒಳಗೆ ನಿನಗೆ ತೋಚಿದ ಹಾಗೆ ಮಾಡ್ಕೋ. ನೋಡೋಕೆ ಯಾರು ಬರ್ತಾರೆ?"

ಅವಳು ತನ್ನ ಬಲಗೈ ತೋರುಬೆರಳನ್ನು ನೋಡಿಕೊಂಡಳು. ಅದನ್ನು ಅವಳಷ್ಟು ಬಲ್ಲವರು ಯಾರಿದ್ದಾರೆ? ಇಲ್ಲಿ ಬಾಯಿ ಒಪ್ಪಿದ ಮಾತು ಅಲ್ಲಿ ಬೆರಳಿಗೆ ಇಳಿಯುತ್ತದೆ. ಯಾವುದೋ ಒಂದು ದಿನ, ಬಾಗಿಲಲ್ಲಿ ಜನ ಹೆಚ್ಚಾದ ಹೊತ್ತಿನಲ್ಲಿ, ಅದು ನಗುತ್ತ ನಗುತ್ತಲೇ ಮೇಲೇಳುತ್ತದೆ. ಅವಳು ಬಾನಿಯ ಕಡೆ ತಿರುಗಿದಳು. ಬಣ್ಣದವನು ಅಡ್ಡ ಬಂದ. "ಬೇಡ ಕಣಮ್ಮ. ನಾನು ತಲೆಯಾಡಿಸಿದ್ದೀನಿ. ಸಾಕು, ಬೇಡ."

"ನೀವು ಕೊಟ್ಟಿರಿ ಅಣ್ಣಾ. ನನಗೆ ತಗೊಳ್ಳೋಕೆ ಆಗಲಿಲ್ಲ," ಎಂದಳು ಅವಳು. ತನ್ನ ಕೈಗಳನ್ನು ತಾನೇ ಅದ್ದಿದಳು. ಎತ್ತಿದಾಗ ಹಸಿರು. ಯಾರೂ ಕೆಮ್ಮಲಿಲ್ಲ. ಗಾಳಿ ಸೋಕುತ್ತ ಸೋಕುತ್ತ ನೀಲಿ.

ಆಮೇಲೆ ಅವಳು ಕೈ ಕೇಳಲು ಹೋಗಲಿಲ್ಲ. ಅರವಟ್ಟಿಗೆಯಲ್ಲಿ ಕೂತಳು. ನಾಡಿಮನೆಗಳಿಗೆ ಹೋಗುವವರು ಅಲ್ಲಿ ನೀರು ಕುಡಿಯುತ್ತಿದ್ದರು, ಅವಳು ಕೇಳುತ್ತಿದ್ದಳು, ಕೆಲವರು ಹೇಳುತ್ತಿದ್ದರು. ಊರಿನವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಬಿಳಿ ಕೈ ಸಿಕ್ಕಿಯೂ ಬಿಟ್ಟವಳಿಗೆ ಇನ್ನೇನನ್ನುತ್ತಾರೆ? ಮಡಿಲಲ್ಲಿ ಅವಳ ಬೆರಳುಗಳು ಈಗಲೂ ಮಣಿಕಟ್ಟು ಹುಡುಕುತ್ತಿದ್ದವು. ಆ ಸಂಕಟ ಅವಳಿಗೆ ಕಡಿಮೆಯಾಗಲೇ ಇಲ್ಲ.

ಒಂದು ಬೆಳಗ್ಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಜ್ವರದಿಂದ ಕಣ್ಣು ಕೆಂಪಾಗಿ ಬಂದಳು. ಗಂಡ ಪಕ್ಕದಲ್ಲಿದ್ದ. ನೀರು ಕೊಟ್ಟು ನೀಲಿ ಕೈಯವಳು ಕೇಳಿದಳು: "ಏನಾದ್ರೂ ಆಗಿಬರಲ್ವಾ ಮಗಳೇ ನಿನಗೆ? ಬೇರು, ಸೊಪ್ಪು, ಏನಾದ್ರೂ?"

ಹುಡುಗಿ ಗಂಡನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಜೇನುತುಪ್ಪ. ಒಂದು ತೊಟ್ಟು ಬಾಯಿಗೆ ಬಿದ್ರೆ ಗಂಟಲು ಬಾತ್ಕೊಳ್ಳತ್ತೆ," ಎಂದಳು.

ಅವಳ ಹಳೆಯ ಬಾಗಿಲಿನ ಆ ನಾಡಿಗಾರ ಎಲ್ಲ ಮದ್ದನ್ನೂ ಜೇನಿನಲ್ಲೇ ಕಲಸುತ್ತಿದ್ದ. ಅದು ಬೀದಿಗೆಲ್ಲ ಗೊತ್ತು.

"ಒಳಗೆ ಹೋದ ಕೂಡಲೇ ಇದನ್ನ ಹೇಳು. ಈಗ ನನ್ನ ಮುಂದೆ ಇನ್ನೊಂದು ಸಲ ಹೇಳು, ನೋಡೋಣ."

"ಜೇನು ನನಗೆ ಆಗಿಬರಲ್ಲ."

"ಗಟ್ಟಿಯಾಗಿ."

"ಜೇನು ನನಗೆ ಆಗಿಬರಲ್ಲ." ಹುಡುಗಿ ತಡೆದಳು. "ಅಲ್ಲಿ ಮಾತಾಡಬಾರದಂತಲ್ಲ ಅಮ್ಮ. ಬಾಯಿ ಮೇಲೆ ಬೆರಳಿಡ್ತಾರಂತೆ."

"ಇಟ್ಟರೆ ಬೆರಳು ಸರಿಸಿ ಹೇಳು," ಎಂದಳು ಅವಳು. ಗಂಡನ ಕಡೆ ತಿರುಗಿ, "ಅವಳ ಕೈಲಿ ಆಗದಿದ್ರೆ ನೀನು ಹೊಸಿಲು ದಾಟಪ್ಪ," ಎಂದಳು.

ಇಬ್ಬರೂ ಆ ಬಾಗಿಲಿಗೇ ಹೋದರು. ಹುಡುಗಿ ಒಳಗೆ, ಹುಡುಗ ಹೊಸಿಲಾಚೆ. ನೀಲಿ ಕೈಯವಳು ಲೋಟ ತೊಳೆಯದೆ ಕೂತು ಆ ಬಾಗಿಲನ್ನೇ ನೋಡಿದಳು. ಬೀದಿಯಲ್ಲಿ ಎಂದಿನ ಹಾಗೆ ಸದ್ದಿರಲಿಲ್ಲ. ಅಂದು ಈ ಮರದ ಕೆಳಗೆ ಯಾರಾದರೂ ಕೂತಿದ್ದು, ಬಣ್ಣದವನ ಹೆಂಡತಿಗೆ ಒಂದು ಲೋಟ ನೀರು ಕೊಟ್ಟು, ಅವಳ ಮಾತನ್ನು ಒಮ್ಮೆ ಗಟ್ಟಿಯಾಗಿ ಹೇಳಿಸಿದ್ದರೆ ಎಂದುಕೊಂಡಳು.

ಆಗ ಒಳಗಿನಿಂದ ಒಂದು ಹೆಣ್ಣು ದನಿ ಕೇಳಿಸಿತು. ಹೆದರಿದ ದನಿ, ಆದರೆ ಬೀದಿಯ ಕೊನೆಯ ತನಕ ಕೇಳುವಷ್ಟು ಗಟ್ಟಿ. ಹೊಸಿಲಾಚೆ ನಿಂತಿದ್ದ ಹುಡುಗ ಒಂದು ಕಾಲು ಎತ್ತಿ ಒಳಗಿಟ್ಟ. ಅವಳು ಮೇಲೆದ್ದು, ಲೋಟ ತೊಳೆದು, ಹರವಿಯ ಪಕ್ಕದಲ್ಲಿ ಬೋರಲು ಹಾಕಿದಳು.